ಗಲ್ಫ್ ಮುಗಿಸಿ ಬರುವವರಿಗೆ ಊರಿನ ದಾರಿ ಗೊತ್ತುಂಟೇ?

ಗಲ್ಫ್‌ನಿಂದ ಬಂದವರನ್ನು ಮಸೀದಿಯ ಮೆಟ್ಟಿಲಲ್ಲಿ ಕಂಡರೆ ನಾವೆಲ್ಲ ಕೇಳುವುದು ಎರಡೇ ಪ್ರಶ್ನೆ. ಯಾವಾಗ ಬಂದದ್ದು? ಯಾವಾಗ ಹೋಗುವುದು? ಸಲಾಂ ಹೇಳಿ ಹಿಡಿದ ಕೈ ಬಿಡುವ ಮೊದಲೇ ಎರಡೂ ಬಾಯಿಂದ ಬಂದಿರುತ್ತದೆ. ಕೇಳುವವರಿಗೆ ಅದು ಬರೀ ಕುಶಲ ವಿಚಾರಣೆ. ಆದರೆ ಇನ್ನು ಹೋಗಲಿಕ್ಕಿಲ್ಲ ಎಂದು ಪೆಟ್ಟಿಗೆ ಕಟ್ಟಿ ಬಂದವರಿಗೆ ಎರಡನೆಯ ಪ್ರಶ್ನೆ ಎಲ್ಲಿ ತಾಗುತ್ತದೆ ಎಂದು ನಮಗೆ ಗೊತ್ತಾದದ್ದು ನಮ್ಮ ಮದ್ರಸದ ಹಿಂದಿನ ಓಣಿಯ ಒಬ್ಬ ಕಾಕರಿಂದ. ಅವರು 1999ರಲ್ಲಿ ರಿಯಾದ್‌ಗೆ ಹೋದವರು. ಒಂದೇ ಅರಬಿಯ ಮನೆಯಲ್ಲಿ 24 ವರ್ಷ ಡ್ರೈವರ್. ಆ ಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟು, ಆಮೇಲೆ ಆ ಮಕ್ಕಳ ಮಕ್ಕಳನ್ನೂ ಬಿಟ್ಟು, 2023ರಲ್ಲಿ ಎಕ್ಸಿಟ್ ಹೊಡೆಸಿಕೊಂಡು ಬಂದರು. ಯಾವಾಗ ಹೋಗುವುದು ಎಂದು ಕೇಳಿದವರಿಗೆಲ್ಲ ಮೊದಲ ಆರು ತಿಂಗಳು ‘ನೋಡುವ, ವೀಸಾ ಆಗ್ಲಿಕ್ಕೆ ಉಂಟು’ ಎಂದು ಹೇಳುತ್ತಿದ್ದರು. ವೀಸಾ ಏನೂ ಆಗಲಿಕ್ಕಿರಲಿಲ್ಲ. ಹಾಗೆ ಹೇಳದಿದ್ದರೆ ಕೇಳಿದವರ ಮುಖ ಸಣ್ಣದಾಗುತ್ತಿತ್ತು, ಅಷ್ಟೇ.

ಹೋಗುವುದಕ್ಕೆ ನಮ್ಮವರು ಮಾಡುವ ತಯಾರಿ ನೋಡಬೇಕು. ಪಾಸ್‌ಪೋರ್ಟ್, ಮೆಡಿಕಲ್, ಏಜೆಂಟ್, ಅತ್ತೆಯ ಬಳೆ ಅಡವಿಟ್ಟು ಟಿಕೆಟ್. ಬಜ್ಪೆಯಿಂದ ನೇರ ದುಬೈಗೆ ವಿಮಾನ ಹಾರಿದ್ದು 2006ರಲ್ಲಿ. ಅದಕ್ಕೆ ಮುಂಚೆ ಮುಂಬೈ ಬಸ್ಸಿನಲ್ಲಿ ಹೋಗಿ ಮುಸಾಫಿರ್‌ಖಾನೆಯಲ್ಲಿ ವಾರಗಟ್ಟಲೆ ಕಾದವರು ನಮ್ಮ ಜಮಾಅತ್‌ನಲ್ಲಿ ಎಷ್ಟು ಮಂದಿ! ಹಿಂತಿರುಗುವುದಕ್ಕೆ ಮಾತ್ರ ಯಾವ ತಯಾರಿಯೂ ಇಲ್ಲ. ಮನೆ ಕಟ್ಟಿದರೆ ಮುಗಿಯಿತು ಎಂದು ನಾವು ಭಾವಿಸಿದ್ದೇವೆ. ಮನೆ ಎದ್ದು ನಿಂತಿರುತ್ತದೆ, ಯಜಮಾನನಿಗೆ ಆ ಮನೆಯ ಕರೆಂಟ್ ಬಿಲ್ ಎಲ್ಲಿ ಕಟ್ಟುವುದೆಂದು ಗೊತ್ತಿರುವುದಿಲ್ಲ.

ಅಲ್ಲೇ ಉಳಿಯಬಹುದಲ್ಲ ಎಂದು ಈಗಿನ ಹುಡುಗರು ಕೇಳುತ್ತಾರೆ. ಗಲ್ಫ್‌ನಲ್ಲಿ ಕೆಲಸದ ವೀಸಾ ಮುಗಿದರೆ ಇಖಾಮವೂ ಮುಗಿಯಿತು. ಮೂವತ್ತು ವರ್ಷ ದುಡಿದರೂ ಅಲ್ಲಿಯ ಪೌರರಾಗುವುದಿಲ್ಲ. ದುಬೈ 2020ರಲ್ಲಿ 55 ವರ್ಷ ದಾಟಿದವರಿಗಾಗಿ ಐದು ವರ್ಷದ ನಿವೃತ್ತಿ ವೀಸಾ ತಂದಿತು, ನಿಜ. ಅದಕ್ಕೆ ಹತ್ತು ಲಕ್ಷ ದಿರ್ಹಮ್ ಉಳಿತಾಯ ಬೇಕು, ಇಲ್ಲವೇ ಅಲ್ಲಿ ದೊಡ್ಡ ಆಸ್ತಿ, ಇಲ್ಲವೇ ತಿಂಗಳಿಗೆ ಸಾವಿರಾರು ದಿರ್ಹಮ್ ವರಮಾನ. ನಮ್ಮ ರೂಪಾಯಿಯಲ್ಲಿ ಎರಡು ಕೋಟಿಗೂ ಮೀರಿದ ಉಳಿತಾಯ. ಸೌದಿಯವರು 2019ರಲ್ಲಿ ತಂದ ಪ್ರೀಮಿಯಂ ಇಖಾಮದ ಶಾಶ್ವತ ಪರವಾನಗಿಗೆ ಎಂಟು ಲಕ್ಷ ರಿಯಾಲ್. ಬಕಾಲ, ಕಫ್ತೀರಿಯ, ಡ್ರೈವರ್ ಕೆಲಸ ಮಾಡುವ ನಮ್ಮವರಿಗೆ ಇದು ಪತ್ರಿಕೆಯಲ್ಲಿ ಓದುವ ಸುದ್ದಿ. ಕುಟುಂಬವನ್ನು ಅಲ್ಲೇ ಇಟ್ಟುಕೊಂಡಿದ್ದವರಿಗೂ 2017ರ ಜುಲೈಯಿಂದ ಸೌದಿಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಫೀಸು ಬಂತು. ಅದು ವರ್ಷ ವರ್ಷ ಏರಿ 2020ರಲ್ಲಿ 400 ಆಯಿತು. ಹೆಂಡತಿ, ಮೂವರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್ ಅದಕ್ಕೇ ಹೋಯಿತು. ಆ ಮೂರು ವರ್ಷಗಳಲ್ಲಿ ನಮ್ಮ ಮದ್ರಸಕ್ಕೆ ಜುಬೈಲ್, ದಮ್ಮಾಮ್‌ನಿಂದ ಬಂದು ಸೇರಿದ ಮಕ್ಕಳು ಒಬ್ಬಿಬ್ಬರಲ್ಲ. ಅರಬಿ ಅಕ್ಷರ ಚೆನ್ನಾಗಿ ಬರುತ್ತಿತ್ತು, ಕನ್ನಡ ಓದಲಿಕ್ಕೆ ಬರುತ್ತಿರಲಿಲ್ಲ. ಮಕ್ಕಳು ವರ್ಷದಲ್ಲಿ ಕಲಿತರು. ದೊಡ್ಡವರ ಕಲಿಕೆಯೇ ಕಷ್ಟ.

ಕಾಕರ ಡ್ರೈವಿಂಗಿನ ಕಥೆ ಹೇಳಬೇಕು. ಅವರು ಊರಲ್ಲಿ ಲೈಸೆನ್ಸ್ ಮಾಡಿಸಿದ್ದು 1996ರಲ್ಲಿ. ಆಗಿನ ಕಾನೂನಿನಂತೆ ಇಪ್ಪತ್ತು ವರ್ಷಕ್ಕೆ, 2016ರಲ್ಲಿ, ಅದು ಮುಗಿದಿತ್ತು. ರಜೆಗೆ ಬಂದಾಗಲೆಲ್ಲ ಬಾಡಿಗೆ ಕಾರು ತೆಗೆದು ಅದೇ ಹಳೇ ಲೈಸೆನ್ಸ್ ಜೇಬಿನಲ್ಲಿಟ್ಟು ಓಡಿಸಿದ್ದಾರೆ. ಯಾರೂ ಹಿಡಿಯಲಿಲ್ಲ. ಹಿಡಿಯದಿದ್ದುದೇ ತಪ್ಪಾಯಿತು. ಕಾಯಂ ಆಗಿ ಬಂದ ಮೇಲೆ, ಮಗಳ ಮದುವೆಗೆ ಮೊದಲು ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡು, ಲೈಸೆನ್ಸ್ ರಿನೀವಲ್ ಮಾಡಿಸುವ ಎಂದು ಹೊರಟರು. 2019ರ ತಿದ್ದುಪಡಿಯ ನಂತರ ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಪರೀಕ್ಷೆಯಿಲ್ಲದೆ ನವೀಕರಣ. ಅವರದು ಮುಗಿದು ಏಳು ವರ್ಷ. ಮೊದಲಿಂದ ಎಲ್‌ಎಲ್ ಮಾಡಿಸಿ, ತಿಂಗಳು ಕಾದು, ಪರೀಕ್ಷೆ ಕೊಡಬೇಕಾಯಿತು. ನಲವತ್ತು ದಾಟಿದ್ದರಿಂದ ಡಾಕ್ಟರ ಸರ್ಟಿಫಿಕೇಟ್ ಬೇರೆ.

‘ಉಸ್ತಾದೇ, ರಿಯಾದ್‌ನ ರಸ್ತೆಯಲ್ಲಿ ನಾನು ಕಣ್ಣು ಮುಚ್ಚಿ ಓಡಿಸಿದವ. ಇಲ್ಲಿ ನನಗೆ ಎಲ್‌ ಬೋರ್ಡ್ ಹಾಕ್ಲಿಕ್ಕೆ ಹೇಳ್ತಾರೆ’ ಎಂದು ನಮ್ಮ ಹತ್ತಿರ ಬಂದು ಕೂತರು. ನಾವು ಸುಲೈಮಾನಿ ಕೊಟ್ಟು ಸಮಾಧಾನ ಮಾಡಿದೆವು. ಡ್ರೈವಿಂಗ್ ಸ್ಕೂಲಿಗೆ ಹೋಗಿ ನಾಲ್ಕು ದಿನ ಕೈ ಸರಿ ಮಾಡಿಕೊಳ್ಳಿ ಎಂದೂ ಹೇಳಿದೆವು. ಅವರಿಗೆ ಇಷ್ಟವಾಗಲಿಲ್ಲ. ಆದರೂ ಹೋದರು. ಮೊದಲ ದಿನವೇ ಎಡಕ್ಕೆ ತಿರುಗಿಸಬೇಕೆಂದು ಇಂಡಿಕೇಟರ್ ಹಾಕಿದ್ದು ವೈಪರ್ ಆಯಿತು. ಅಲ್ಲಿಯ ಗಾಡಿಯಲ್ಲಿ ಸ್ಟಿಯರಿಂಗ್ ಎಡಬದಿಗೆ, ಇಂಡಿಕೇಟರಿನ ಕಡ್ಡಿಯೂ ಎಡಗೈಗೆ. ಇಲ್ಲಿ ಹೆಚ್ಚಿನ ಗಾಡಿಗಳಲ್ಲಿ ಅದು ಬಲಗೈಗೆ. ಒಣಗಿದ ಗಾಜಿನ ಮೇಲೆ ವೈಪರ್ ಕರಕರ ಓಡುವಾಗ ಪಕ್ಕದಲ್ಲಿ ಕೂತಿದ್ದ ಇಪ್ಪತ್ತೆರಡರ ಹುಡುಗ ‘ಎಂತ ಕಾಕ, ಈ ಬಿಸಿಲಿಗೆ ಮಳೆ ಬರ್ತದಾ?’ ಎಂದು ಕೇಳಿದನಂತೆ. ಅವನು ತಮಾಷೆಗೇ ಕೇಳಿದ್ದು. ಕಾಕ ಅದನ್ನು ನಮಗೆ ಹೇಳುವಾಗ ನಗಲಿಲ್ಲ.

ಕೈಯ ಅಭ್ಯಾಸ ದೊಡ್ಡ ವಿಷಯ. ಸೌದಿಯಲ್ಲಿ, ಯುಎಇಯಲ್ಲಿ, ಕತರ್‌ನಲ್ಲಿ ಗಾಡಿ ಹೋಗುವುದು ರಸ್ತೆಯ ಬಲಬದಿಯಲ್ಲಿ. ವೃತ್ತ ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ. ನಮ್ಮಲ್ಲಿ ಎಲ್ಲ ಅದಕ್ಕೆ ಉಲ್ಟಾ. ನೇರ ರಸ್ತೆಯಲ್ಲಿ ಎದುರಿನ ಗಾಡಿ ನೋಡಿ ಮನುಷ್ಯ ತನ್ನ ಬದಿಗೆ ಬರುತ್ತಾನೆ. ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಪಂಪಿನಿಂದ ಹೊರಗೆ ಬರುವಾಗ, ಒಳರಸ್ತೆಯಿಂದ ಹೆದ್ದಾರಿಗೆ ತಿರುಗುವಾಗ ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಬಲಕ್ಕೆ ಎಳೆಯುತ್ತದೆ. ಕಾಕ ಮೊದಲ ಪರೀಕ್ಷೆಯಲ್ಲಿ ಫೇಲಾದದ್ದು ಇದಕ್ಕೇ. ತಿರುವು ತೆಗೆದು ಬಲಬದಿಗೆ ಹೋಗಿ ನಿಂತರು. ಪರೀಕ್ಷೆ ಮಾಡಿದವರದು ಏನೂ ತಪ್ಪಿಲ್ಲ, ನಾವು ಆ ಜಾಗದಲ್ಲಿದ್ದರೂ ಪಾಸು ಮಾಡುತ್ತಿರಲಿಲ್ಲ.

ಇನ್ನು ನಮ್ಮ ಮಂಗಳೂರಿನ ರಸ್ತೆ. ನಂತೂರು ವೃತ್ತದಲ್ಲಿ ಸಂಜೆ ಐದೂವರೆಗೆ ಗಾಡಿ ದಾಟಿಸಿದವರಿಗೆ ಯಾವ ಪರೀಕ್ಷೆಯೂ ಬೇಡ ಎಂದು ನಮ್ಮ ಅಭಿಪ್ರಾಯ. ನಾಲ್ಕು ದಿಕ್ಕಿನಿಂದಲೂ ಲಾರಿ, ನಡುವಿನ ಸಂದಿಯಲ್ಲಿ ಸ್ಕೂಟರ್. ಪಂಪ್‌ವೆಲ್‌ನ ಫ್ಲೈಓವರ್ ವರ್ಷಗಟ್ಟಲೆ ಎಳೆದು 2020ರ ಜನವರಿಯ ಕೊನೆಗೆ ಓಡಾಟಕ್ಕೆ ಸಿಕ್ಕಿತು. ಅದಾಗುವವರೆಗೆ ಒಂದೊಂದು ರಜೆಗೆ ಬಂದವರಿಗೆ ಪಂಪ್‌ವೆಲ್ ಒಂದೊಂದು ರೂಪದಲ್ಲಿ ಕಾಣಿಸಿತ್ತು. ಸಿಟಿ ಬಸ್ಸು ಸ್ಟಾಪ್ ಬಿಟ್ಟು ನಡುರಸ್ತೆಯಲ್ಲಿ ನಿಲ್ಲುತ್ತದೆ, ಹಿಂದಿನ ಬಸ್ಸು ಅದನ್ನು ದಾಟಿ ಮುಂದೆ ಅಡ್ಡ ನಿಲ್ಲುತ್ತದೆ. ಗಲ್ಫ್‌ನಲ್ಲಿ ಕ್ಯಾಮೆರಾಕ್ಕೆ ಹೆದರಿ ಗೆರೆ ದಾಟದ ನಮ್ಮವರೇ ಇಲ್ಲಿ ಬಂದು ವಾರದೊಳಗೆ ಹಾರ್ನ್ ಒತ್ತಿಕೊಂಡು ರಾಂಗ್ ಸೈಡಿನಲ್ಲಿ ಹೋಗುವುದನ್ನೂ ನೋಡಿದ್ದೇವೆ. ಅದು ಬೇಗ ಕಲಿಯಲಿಕ್ಕೆ ಬರುತ್ತದೆ, ಎಂತ ಮಾಡುವುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಅವಧಿ ಮುಗಿದ ಲೈಸೆನ್ಸ್‌ನಲ್ಲಿ, ಅಥವಾ ಗಲ್ಫ್ ಲೈಸೆನ್ಸ್ ನಂಬಿಕೊಂಡು, ಇಲ್ಲಿ ಗಾಡಿ ಓಡಿಸಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್ ಕಂಪೆನಿ ಪರಿಹಾರ ಕೊಟ್ಟರೂ ಆಮೇಲೆ ಗಾಡಿಯ ಮಾಲಕರಿಂದ ವಸೂಲಿಗೆ ಬರಬಹುದು. ಒಂದು ಸಂಜೆಯ ಅಪಘಾತಕ್ಕೆ ಇಪ್ಪತ್ತು ವರ್ಷದ ದುಡಿಮೆಯ ಮನೆ ಹೋಗಬಹುದು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶ ಉಂಟು. ಅಂದರೆ ರಜೆಗೆ ಬಂದಾಗಲೇ ಮುಗಿಸಬಹುದಾದ ಕೆಲಸ ಇದು.

ಆ ದಿನಗಳಲ್ಲಿ ಕಾಕರನ್ನು ಎಲ್ಲೆಲ್ಲಿಗೂ ಕರೆದುಕೊಂಡು ಹೋದದ್ದು ಅವರ ಮನೆಯವರು. ಬುರ್ಖಾದ ಮೇಲೆ ಹೆಲ್ಮೆಟ್ ಹಾಕಿ ಸ್ಕೂಟರ್ ಓಡಿಸುವ ತಾಯಂದಿರು ಈಗ ನಮ್ಮ ಮೊಹಲ್ಲಾಗಳಲ್ಲಿ ಬೇಕಾದಷ್ಟು. ಮಗುವನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ, ಮನೆ ತೆರಿಗೆ, ಗ್ಯಾಸು, ಎಲ್ಲ ಅವರೇ ನೋಡಿಕೊಂಡದ್ದು. ಹಿಂದೆ ಕೂತು ಹೋಗಲು ಕಾಕರಿಗೆ ಮೊದಲು ಬಹಳ ನಾಚಿಕೆ. ಮಸೀದಿಯ ತಿರುವು ಬರುವಾಗ ಇಳಿದು ನಡೆಯುತ್ತಿದ್ದರು! ನಾವು ಒಂದು ದಿನ ಹೇಳಿಯೇ ಬಿಟ್ಟೆವು: ಕಾಕ, ಅವರ ಹತ್ತಿರ ಸರಿಯಾದ ಲೈಸೆನ್ಸ್ ಉಂಟು, ನಿಮ್ಮ ಹತ್ತಿರ ಇಲ್ಲ. ಕೂತುಕೊಳ್ಳಿ. ಗಂಡ ಗಲ್ಫ್‌ನಲ್ಲಿದ್ದ ಮನೆಯಲ್ಲಿ ಊರಿನ ಕಚೇರಿ, ಬ್ಯಾಂಕು, ದಾರಿ ಎಲ್ಲ ಗೊತ್ತಿರುವುದು ಹೆಂಡತಿಗೆ. ಹಿಂತಿರುಗುವ ಲೆಕ್ಕ ಹಾಕುವಾಗ ನಾವು ಸ್ನೇಹಿತರನ್ನು ಕೇಳುತ್ತೇವೆ, ಏಜೆಂಟನನ್ನು ಕೇಳುತ್ತೇವೆ, ಅವಳನ್ನು ಕೇಳುವುದಿಲ್ಲ.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ನಮ್ಮ ಬಳಿ ಜನ ಹೆಚ್ಚು ಬರುವುದೇ ಅದಕ್ಕೆ. ಮದ್ರಸದ ಉಸ್ತಾದರಿಗೂ ಸರಕಾರಿ ಕಚೇರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ಹೆಸರಿನಲ್ಲಿ. ಮದ್ರಸದ ಹಾಜರಿ ಪುಸ್ತಕದಲ್ಲಿ ‘ಮುಹಮ್ಮದ್’, ಶಾಲೆಯಲ್ಲಿ ‘ಮಹಮ್ಮದ್’, ಪಾಸ್‌ಪೋರ್ಟ್‌ನಲ್ಲಿ ‘ಮೊಹಮ್ಮದ್’ ಮುಂದೆ ತಂದೆಯ ಹೆಸರು ಸೇರಿ ಉದ್ದ, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾನ್‌ನಲ್ಲಿ ಇನಿಷಿಯಲ್ ಮುಂದೆ. ಒಬ್ಬನೇ ಮನುಷ್ಯ ಐದು ಜನ. ನಿಕಾಹ್ ರಿಜಿಸ್ಟರ್‌ನಲ್ಲಿ ಯಾವ ಸ್ಪೆಲ್ಲಿಂಗ್ ಉಂಟು ನೋಡಿ ಉಸ್ತಾದೇ ಎಂದು ಬರುತ್ತಾರೆ. ಗಲ್ಫ್‌ನಲ್ಲಿದ್ದಾಗ ಪಾಸ್‌ಪೋರ್ಟ್ ಒಂದೇ ಸಾಕಾಗುತ್ತದೆ. ಊರಿಗೆ ಬಂದ ಮರುದಿನದಿಂದ ಪಾಸ್‌ಪೋರ್ಟ್‌ನ್ನು ಯಾರೂ ಕೇಳುವುದಿಲ್ಲ, ಉಳಿದ ನಾಲ್ಕನ್ನೇ ಕೇಳುವುದು. ಊರಿನ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬಂದ ಕೂಡಲೇ ಆಧಾರ್‌ಗೆ ಅರ್ಜಿ ಹಾಕಬಹುದು, 182 ದಿನ ಕಾಯಬೇಕಾಗಿಲ್ಲ. ಇದು 2019ರಿಂದ ಉಂಟು. ಮೊದಲು ಆಧಾರ್‌ನ್ನು ಪಾಸ್‌ಪೋರ್ಟ್‌ನಂತೆ ಮಾಡಿಸಿ, ಆಮೇಲೆ ಆಧಾರ್‌ನಂತೆ ಉಳಿದದ್ದೆಲ್ಲ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡೆರಡು ಸಲ ತಿದ್ದಿಸಬೇಕು. ಆಧಾರ್ ಜೋಡಿಸದ ಪಾನ್ ಕಾರ್ಡುಗಳು 2023ರ ಜುಲೈಯಿಂದ ನಿಷ್ಕ್ರಿಯವಾದವು. ತಾವು ಅನಿವಾಸಿ ಎಂದು ತೆರಿಗೆ ಇಲಾಖೆಯ ದಾಖಲೆಯಲ್ಲಿ ಹಾಕಿಸದೇ ಇದ್ದ ಗಲ್ಫ್‌ನವರ ಪಾನ್ ಕೂಡ ಅದರಲ್ಲಿ ಹೋಯಿತು.

ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ ಇದ್ದವರು ಕಾಯಂ ಆಗಿ ಬಂದ ಮೇಲೆ ಅದನ್ನು ಹಾಗೇ ಬಿಡುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಊರಿನ ಸಾಮಾನ್ಯ ಖಾತೆಯಾಗಿ, ಇಲ್ಲವೇ ಆರ್‌ಎಫ್‌ಸಿ ಖಾತೆಯಾಗಿ ಬದಲಾಯಿಸಬೇಕು. ಏಳೆಂಟು ವರ್ಷದಿಂದ ಊರಲ್ಲೇ ಇದ್ದು ಎನ್‌ಆರ್‌ಇ ಖಾತೆ ಇಟ್ಟುಕೊಂಡವರು ನಮಗೆ ಗೊತ್ತು. ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ಲೈಸೆನ್ಸ್‌ನ್ನೂ ಯಾರೂ ಕೇಳಿರಲಿಲ್ಲ.

ಇದಕ್ಕಿಂತ ಸಂಕಟದ ಸಂಗತಿ ಜಾಗದ್ದು. ಅನಿವಾಸಿ ಭಾರತೀಯರು ಮನೆ, ಫ್ಲಾಟ್, ಅಂಗಡಿ ಖರೀದಿಸಬಹುದು. ಕೃಷಿ ಜಮೀನು, ತೋಟ ಖರೀದಿಸುವಂತಿಲ್ಲ. ಹಾಗಾಗಿ ನಮ್ಮವರು ಏನು ಮಾಡಿದರು? ಅಡಿಕೆ ತೋಟ ತೆಗೆದುಕೊಂಡು ಊರಲ್ಲಿದ್ದ ತಮ್ಮನ ಹೆಸರಿಗೆ ಮಾಡಿದರು. ತಮ್ಮ ಒಳ್ಳೆಯವನೇ. ತಮ್ಮನಿಗೂ ಮಕ್ಕಳಾದವು, ಅಳಿಯಂದಿರು ಬಂದರು. ಪಹಣಿಯಲ್ಲಿ ಅಣ್ಣನ ಹೆಸರು ಎಲ್ಲಿಯೂ ಇಲ್ಲ. ಕೋರ್ಟಿಗೆ ಹೋಗುವ ಎಂದರೆ 2016ರಲ್ಲಿ ಬಿಗಿಯಾದ ಬೇನಾಮಿ ಕಾನೂನು ಅಡ್ಡ. ಹೆಂಡತಿ, ಮಕ್ಕಳ ಹೆಸರಲ್ಲಿ ತನ್ನ ಲೆಕ್ಕದ ಹಣದಿಂದ ತೆಗೆದರೆ ತೊಂದರೆಯಿಲ್ಲ. ಅಣ್ಣ ತಮ್ಮಂದಿರಾದರೆ ದಾಖಲೆಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿ ಇರಬೇಕು. ತಮ್ಮನೊಬ್ಬನ ಹೆಸರಲ್ಲೇ ಇದ್ದರೆ, ದುಡ್ಡು ನನ್ನದು ಎಂದು ಹೇಳಿದವರೇ ಸಿಕ್ಕಿಬೀಳುತ್ತಾರೆ. ಜಮಾಅತ್ ಕಮಿಟಿಯ ಮುಂದೆ ಬರುವ ಅಣ್ಣತಮ್ಮಂದಿರ ತಕರಾರಿನಲ್ಲಿ ಇಂಥದ್ದು ಎಷ್ಟು ಎಂದು ಕಮಿಟಿಯವರನ್ನೇ ಕೇಳಿ ನೋಡಿ. ಸಾಲದ ವ್ಯವಹಾರ ಮಾಡಿದರೆ ಬರೆದಿಡಿ, ಸಾಕ್ಷಿ ಹಾಕಿಸಿ ಎಂದು ಹೇಳುವ ಆಯತ್ ಅಲ್-ಬಖರ ಸೂರಾದ 282ನೆಯದು. ಕುರ್‌ಆನ್‌ನಲ್ಲಿ ಅದಕ್ಕಿಂತ ಉದ್ದದ ಆಯತ್ ಬೇರೆ ಇಲ್ಲ. ಮಕ್ಕಳಿಗೆ ಅದನ್ನು ಓದಿಸುವಾಗ ಉಸಿರು ಕಟ್ಟುತ್ತದೆ. ಓದಿದವರು ದೊಡ್ಡವರಾಗಿ ತಮ್ಮನಿಗೆ ಬಾಯಿಮಾತಿನಲ್ಲಿ ಎರಡು ಎಕರೆ ಕೊಡುತ್ತಾರೆ. ಬರೆಯುವ ಎಂದರೆ ‘ಅವನ ಮೇಲೆ ನಂಬಿಕೆ ಇಲ್ವಾ’ ಎಂದು ಉಮ್ಮ ಬೇಸರ ಮಾಡಿಕೊಳ್ಳುತ್ತಾರೆ. ಆ ಬೇಸರ ಆಗಲಿ, ಆಮೇಲಿನದಕ್ಕಿಂತ ಅದು ಸಣ್ಣದು.

ಕೈಯಲ್ಲಿ ಎಷ್ಟು ಬರುತ್ತದೆ ಎಂಬ ಅಂದಾಜೂ ನಮ್ಮವರಿಗೆ ತಪ್ಪುತ್ತದೆ. ಯುಎಇಯಲ್ಲಿ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ನಂತರದ ವರ್ಷಗಳಿಗೆ 30 ದಿನದ್ದು. ಲೆಕ್ಕ ಮೂಲ ಸಂಬಳದ ಮೇಲೆ ಮಾತ್ರ. ರೂಮು, ಓವರ್‌ಟೈಮ್ ಸೇರುವುದಿಲ್ಲ. ಮೂಲ ಸಂಬಳ 1,500 ದಿರ್ಹಮ್ ಇದ್ದವರು ಇಪ್ಪತ್ತು ವರ್ಷ ದುಡಿದರೆ 555 ದಿನದ ಸಂಬಳ, ಅಂದರೆ 27,750 ದಿರ್ಹಮ್. ಊರಿನ ಲೆಕ್ಕದಲ್ಲಿ ಆರು ಲಕ್ಷ ಚಿಲ್ಲರೆ. ಮಗಳ ಒಂದು ಮದುವೆಗೂ ಸಾಕಾಗುವುದಿಲ್ಲ, ನಾವು ಮಾಡುವ ಮದುವೆ ನೋಡಿದರೆ. ಸೌದಿಯ ಮನೆ ಡ್ರೈವರ್‌ಗಳು ಅಲ್ಲಿಯ ಕಾರ್ಮಿಕ ಕಾನೂನಿನೊಳಗೆ ಬರುವುದೇ ಇಲ್ಲ. ಅರಬಿಯ ಮನಸ್ಸು ದೊಡ್ಡದಿದ್ದರೆ ಏನಾದರೂ ಹೆಚ್ಚು ಸಿಗುತ್ತದೆ. ಕಾಕರ ಅರಬಿ ಒಳ್ಳೆಯವರಿದ್ದರು, ಉಮ್ರಾ ಮಾಡಿಸಿ ಕಳಿಸಿದರು.

ಬಂದ ಹಣ ಎಲ್ಲಿಡುವುದು? ಬಡ್ಡಿ ಬೇಡ ಎನ್ನುವವರಿಗೆ ಬ್ಯಾಂಕಿನ ಎಫ್‌ಡಿ ಆಗುವುದಿಲ್ಲ. ಈ ಜಾಗದಲ್ಲೇ ಮೋಸದವರು ಕಾಯುತ್ತಿರುತ್ತಾರೆ. ಗಡ್ಡ ಬಿಟ್ಟು, ಬಿಸ್ಮಿ ಹೇಳಿ, ಲಾಭದ ಪಾಲು ತಿಂಗಳು ತಿಂಗಳು ಎನ್ನುತ್ತಾರೆ. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ‘ಹಲಾಲ್ ಹೂಡಿಕೆ’ ಎಂದು ನಂಬಿ ಹಣ ಹಾಕಿದ್ದ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು. ನಿವೃತ್ತರು, ವಿಧವೆಯರು, ಗಲ್ಫ್‌ನಿಂದ ಬಂದವರು. ಹಲಾಲ್ ಎಂಬ ಪದ ಬೋರ್ಡಿನಲ್ಲಿದ್ದ ಮಾತ್ರಕ್ಕೆ ವ್ಯಾಪಾರ ಹಲಾಲ್ ಆಗುವುದಿಲ್ಲ. ನಷ್ಟದ ಮಾತೇ ಎತ್ತದೆ ಲಾಭವನ್ನೇ ಖಚಿತ ಮಾಡುವವನ ಕರಾರು ಫಿಖ್ಹಿನ ಪ್ರಕಾರವೂ ಸರಿಯಲ್ಲ. ಬಾಡಿಗೆ ಬರುವ ಸಣ್ಣ ಅಂಗಡಿ ಕೋಣೆ, ಷರೀಅತ್‌ಗೆ ಹೊಂದುವ ಮ್ಯೂಚುಯಲ್ ಫಂಡ್, ಇವೆಲ್ಲ ಉಂಟು. ನಾಲ್ಕನೆಯ ಬೆಡ್‌ರೂಮ್ ಕಟ್ಟುವ ಹಣದಲ್ಲಿ ತಿಂಗಳ ಬಾಡಿಗೆಗೆ ದಾರಿ ಮಾಡಿಕೊಳ್ಳಬಹುದಿತ್ತು ಎಂದು ಕಾಕ ಈಗ ಹೇಳುತ್ತಾರೆ.

ಶುಗರ್, ಬಿಪಿ ತಂದುಕೊಳ್ಳದೆ ಗಲ್ಫ್‌ನಿಂದ ಬರುವವರು ಕಡಿಮೆ. ಮೆಡಿಕ್ಲೈಮ್ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಲು ಕಂಪೆನಿಗಳಿಗೆ ಅವಕಾಶವಿದೆ. 2024ರ ಏಪ್ರಿಲ್‌ಗೆ ಮುಂಚೆ ನಾಲ್ಕಿತ್ತು. ಹಾಗಾದರೆ ಮಾಡಿಸಬೇಕಾದದ್ದು ಬಂದ ಮೇಲಲ್ಲ, ಬರುವ ಮೂರು ವರ್ಷ ಮೊದಲು. ಇನ್ಶೂರೆನ್ಸ್ ಬಗ್ಗೆ ಉಲಮಾಗಳಲ್ಲಿ ಅಭಿಪ್ರಾಯಭೇದ ಇದೆ, ನಿಮ್ಮ ಖತೀಬರನ್ನು ಕೇಳಿ.

ತಲಪಾಡಿ ದಾಟಿದರೆ ನಮ್ಮದೇ ಸಂಬಂಧಿಕರು. ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಹೆಣ್ಣು ತಂದವರು, ಕೊಟ್ಟವರು. ಕೇರಳ ಸರಕಾರ 1996ರಿಂದ ಪ್ರವಾಸಿಗಳಿಗೆ ನೋರ್ಕಾ ಎಂಬ ಇಲಾಖೆಯನ್ನೇ ಇಟ್ಟಿದೆ. 2008ರ ಕಾಯ್ದೆಯಂತೆ ಕ್ಷೇಮನಿಧಿ ಉಂಟು; ತಿಂಗಳಿಗೆ ಸ್ವಲ್ಪ ಸ್ವಲ್ಪ ಕನಿಷ್ಠ ಐದು ವರ್ಷ ಕಟ್ಟಿದವರಿಗೆ ಅರವತ್ತಾದ ಮೇಲೆ ಪಿಂಚಣಿ. ಉಪ್ಪಳದ ಷಡ್ಡಕನಿಗೆ ಪಿಂಚಣಿ ಬರುತ್ತದೆ, ಅವನ ಜೊತೆ ಒಂದೇ ರೂಮಿನಲ್ಲಿ ಮಲಗಿ ಎದ್ದ ಉಳ್ಳಾಲದವನಿಗೆ ಇಲ್ಲ. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಪಿಂಚಣಿ ಇಲ್ಲ. ಚುನಾವಣೆಯ ಹೊತ್ತಿಗೆ ನಮ್ಮ ಓಣಿಗೆ ಬರುವವರನ್ನು ಇದನ್ನು ಕೇಳಿದವರು ಯಾರೂ ಇಲ್ಲ. ರಸ್ತೆಗೆ ಕಾಂಕ್ರೀಟ್, ಮಸೀದಿಗೆ ಆವರಣಗೋಡೆ ಕೇಳುತ್ತೇವೆ.

ಕಾಕ ಎರಡನೆಯ ಸಲ ಪಾಸಾದರು. ಅದಕ್ಕೆ ಮೊದಲು ತಿಂಗಳೊಂದು, ಸುಬ್‌ಹಿ ನಮಾಝ್ ಮುಗಿಸಿ ಬೆಳಕು ಹರಿಯುವ ಹೊತ್ತಿಗೆ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಲ್‌ ಬೋರ್ಡ್ ಹಾಕಿ ಆ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೊಕ್ಕೊಟ್ಟುವರೆಗೆ ಹೋಗಿ ಬಂದರು. ಹಿಂದಿನ ಸೀಟಿನಲ್ಲಿ ಮನೆಯವರು, ‘ಎಡಕ್ಕೆ, ಎಡಕ್ಕೆ’ ಎಂದು ಹೇಳಲಿಕ್ಕೆ. ಈಗ ಅವರ ಲೈಸೆನ್ಸ್ ಹತ್ತು ವರ್ಷಕ್ಕಿಲ್ಲ, ಐವತ್ತು ದಾಟಿದ್ದರಿಂದ ಅರವತ್ತರವರೆಗೆ ಮಾತ್ರ.

ಇದನ್ನೆಲ್ಲ ಬರೆಯುತ್ತಿರುವಾಗ ಶಾರ್ಜಾದಲ್ಲಿರುವ ನಮ್ಮ ತಮ್ಮನಿಗೆ ಫೋನು ಮಾಡಿ ನಿನ್ನ ಊರಿನ ಲೈಸೆನ್ಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿದೆವು. ಎಲ್ಲಿಟ್ಟಿದ್ದೇನೆಂದು ನೆನಪಿಲ್ಲ ಎಂದ. ಮರುದಿನ ಅವನ ಹೆಂಡತಿ ಕಪಾಟಿನಿಂದ ಹುಡುಕಿ ತೆಗೆದು ಫೋಟೊ ಕಳಿಸಿದಳು. ಮುಗಿಯಲು ಏಳು ತಿಂಗಳು ಉಂಟು. ಪೆರ್ನಾಲ್‌ಗೆ ಬರುವಾಗ ಮಾಡಿಸಬೇಕು.